‘ಸಾವ್ಕಾರ್ರ’ ಹೋಗಿ ‘ಬಸಣ್ಣ’ ಆಗುವಷ್ಟರಲ್ಲಿ

ನಮ್ಮ ಕಡೆ ಒಬ್ಬ ಮನುಷ್ಯ ಬಿದ್ದದ್ದು ಅವನ ಮುಖದಲ್ಲಿ ಕಾಣುವ ಮೊದಲೇ ಬೇರೆಯವರ ಬಾಯಲ್ಲಿ ಕೇಳಿಸುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟವನೊಬ್ಬನನ್ನು ಊಹಿಸಿಕೊಳ್ಳಿ. ವ್ಯಾಪಾರ ಜೋರಿದ್ದಾಗ ಚಹಾದಂಗಡಿಯವನು ‘ಬರ್ರಿ ಸಾವ್ಕಾರ್ರ, ಕೂಡ್ರಿ’ ಅನ್ನುತ್ತಾನೆ. ವರ್ಷ ಕಳೆದ ಮೇಲೆ ‘ಬರ್ರಿ ಬಸಣ್ಣಾರ’. ಇನ್ನಾರು ತಿಂಗಳಿಗೆ ‘ಬಾರಪಾ ಬಸಣ್ಣ’. ಆಮೇಲೊಂದು ದಿನ, ಚಹಾ ಸೋಸುತ್ತ, ಮುಖ ಎತ್ತದೆ, ‘ಏ ಬಸಣ್ಣ, ಒಂಚೂರು ಆ ಕಡೆ ಸರಿ, ಗಿರಾಕಿ ಬಂದಾರ.’ ಬೈಗುಳ ಇಲ್ಲ, ಜಗಳ ಇಲ್ಲ, ಬರೀ ‘ರಿ’ ಉದುರಿತು. ಸಿನಿಮಾದಲ್ಲಿ ಇದಕ್ಕೆ ನಾಲ್ಕು ಶಾಟು, ಒಂದೇ ಅಂಗಡಿ, ಒಂದೇ ಕ್ಯಾಮೆರಾ ಕೋನ, ಒಟ್ಟು ನಲವತ್ತು ಸೆಕೆಂಡು. ಇದರ ಮುಂದೆ ಮಳೆಯಲ್ಲಿ ಮೊಣಕಾಲೂರಿ ಕೂಗುವ ದೃಶ್ಯದ ಅಗತ್ಯವೇ ಬೀಳುವುದಿಲ್ಲ.

ಆದರೆ ಸೋತ ಗಂಡಸಿನ ಸಿನಿಮಾ ಅಂದಕೂಡಲೇ ನಮ್ಮ ಬರಹಗಾರರ ಕೈ ಮೊದಲು ಹೋಗುವುದು ಬಾಟಲಿಗೆ, ಎರಡನೆಯದಾಗಿ ಗಡ್ಡಕ್ಕೆ. ಹುಬ್ಬಳ್ಳಿ, ಧಾರವಾಡ, ಗದಗದಲ್ಲಿ ಈಗ ಮೊಬೈಲಿನಲ್ಲೇ ಕಿರುಚಿತ್ರ ತೆಗೆಯುವ ಹುಡುಗರು ಬಹಳ. ಹತ್ತರಲ್ಲಿ ಆರು ಕಥೆ ಇಂಥವನದೇ ಇರುತ್ತದೆ ಅಂತ ಹೇಳಿದರೆ ಯಾರೂ ಜಗಳಕ್ಕೆ ಬರಲಿಕ್ಕಿಲ್ಲ. ಕಥೆ ಒಳ್ಳೆಯದೇ. ಎಡವುವುದು ಲೆಕ್ಕದಲ್ಲಿ. ಅವನು ಸೋತದ್ದು ಎಷ್ಟು ರೂಪಾಯಿಗೆ, ಯಾವ ತಿಂಗಳಲ್ಲಿ, ಯಾರ ಮುಂದೆ ಎಂಬುದು ಬರೆದವರಿಗೇ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಜಾಗಕ್ಕೆ ಹಿನ್ನೆಲೆ ಸಂಗೀತ ಬರುತ್ತದೆ.

ಬಾಟಲಿ ಎಲ್ಲಿಂದ ಬಂತು ಅನ್ನುವುದಕ್ಕೆ ಇತಿಹಾಸವಿದೆ. ಈ ಭಾಗ ಮುಂಬಯಿ ಪ್ರಾಂತದಲ್ಲಿದ್ದಾಗ ಮರಾಠಿ ನಾಟಕ ಕಂಪನಿಗಳು ಹುಬ್ಬಳ್ಳಿ-ಧಾರವಾಡಕ್ಕೆ ಬರುತ್ತಿದ್ದವು, ಆ ರುಚಿ ನಮ್ಮ ಕಂಪನಿಗಳಿಗೂ ಹತ್ತಿತು. ರಾಮ ಗಣೇಶ ಗಡಕರಿಯವರ ‘ಏಕಚ್ ಪ್ಯಾಲಾ’ ನಾಟಕದ ಸುಧಾಕರ ವಕೀಲ. ಕೋರ್ಟಿನ ಜಗಳದಲ್ಲಿ ಸನದು, ಅಂದರೆ ವಕೀಲಿಯ ಪರವಾನಗಿ, ಅಮಾನತಾಗುತ್ತದೆ, ಆ ಅವಮಾನದ ಉರಿಯಲ್ಲಿ ಅವನ ಕೈಗೆ ಮದ್ಯದ ಮೊದಲ ಪೇಲೆ, ಅಂದರೆ ಬಟ್ಟಲು, ಬರುತ್ತದೆ. ಗಮನಿಸಿ: ಗಡಕರಿ ಮೊದಲು ಸನದು ಕಳೆದರು, ಆಮೇಲೆ ಪೇಲೆ ಕೊಟ್ಟರು. ನಂತರ ಬಂದವರು ಸನದನ್ನು ಮರೆತು ಪೇಲೆಯನ್ನಷ್ಟೇ ಉಳಿಸಿಕೊಂಡರು. ತೂರಾಡುವುದು, ಎದೆ ಬಡಿದುಕೊಳ್ಳುವುದು ಕಂಪನಿ ನಾಟಕಕ್ಕೆ ಬೇಕಿತ್ತು. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನ ನೆಲದ ಟಿಕೆಟ್ಟಿನವನಿಗೂ ದುಃಖ ಮುಟ್ಟಬೇಕಲ್ಲ. ಕ್ಯಾಮೆರಾ ಮೂರು ಅಡಿ ದೂರದಲ್ಲಿ ಇದ್ದಾಗಲೂ ಅದನ್ನೇ ಮಾಡಿದರೆ ನಟ ಯಾರದೋ ಮದುವೆ ಮನೆಯಲ್ಲಿ ಗಲಾಟೆ ಮಾಡಿದಂತೆ ಕಾಣುತ್ತಾನೆ.

ಒಳ್ಳೆಯ ಮಾದರಿಗೆ ದೂರ ಹೋಗಬೇಕಿಲ್ಲ. 1971ರ ‘ಕಸ್ತೂರಿ ನಿವಾಸ’ದಲ್ಲಿ ರಾಜಕುಮಾರ್ ಮಾಡಿದ್ದು ಕಡ್ಡಿಪೆಟ್ಟಿಗೆ ಕಾರ್ಖಾನೆಯ ಮಾಲೀಕನ ಪಾತ್ರ. ದೊರೈ-ಭಗವಾನ್ ಜೋಡಿ ಅವನ ಪತನವನ್ನು ಕೈಯಲ್ಲಿ ಹಿಡಿಯಬಹುದಾದ ವಸ್ತುಗಳ ಮೇಲೆ ನಿಲ್ಲಿಸಿದರು: ಕಡ್ಡಿಪೆಟ್ಟಿಗೆ, ಬಂಗಲೆ, ಪಾರಿವಾಳ. ಅವನ ದೌರ್ಬಲ್ಯ ಅಂದರೆ ಅವನ ಹೆಮ್ಮೆಯೇ, ಕೊಡುವ ಕೈ. ಕೆಟ್ಟ ಚಟದಿಂದ ಬಿದ್ದವನ ಬಗ್ಗೆ ನಾವು ತೀರ್ಪು ಕೊಟ್ಟು ಎದ್ದುಬಿಡುತ್ತೇವೆ. ಒಳ್ಳೆಯ ಗುಣದಿಂದ ಬಿದ್ದವನನ್ನು ಬಿಟ್ಟು ಏಳಲಿಕ್ಕೆ ಆಗುವುದಿಲ್ಲ. ತೇಜಸ್ವಿಯವರ ಕಥೆಯಿಂದ ಗಿರೀಶ ಕಾಸರವಳ್ಳಿ ತೆಗೆದ, 1986ರ ಸಾಲಿನ ಶ್ರೇಷ್ಠ ಚಿತ್ರದ ರಾಷ್ಟ್ರೀಯ ಪ್ರಶಸ್ತಿ ಸ್ವರ್ಣಕಮಲ ಪಡೆದ ‘ತಬರನ ಕಥೆ’ಯ ದಾರಿ ಇನ್ನೂ ಬಿಗಿ. ಅಲ್ಲಿ ಖಳನಾಯಕ ಅಂತ ಕರೆಯಲಿಕ್ಕೆ ಒಬ್ಬ ಮನುಷ್ಯ ಸಿಗುವುದಿಲ್ಲ. ನಿವೃತ್ತ ನೌಕರ ತಬರನ ಪಿಂಚಣಿಯ ಕಾಗದ ಮೇಜಿನಿಂದ ಮೇಜಿಗೆ ಹೋಗುತ್ತದೆ, ಅತ್ತ ಹೆಂಡತಿಯ ಕಾಲಿನ ಹುಣ್ಣು ಬೆಳೆಯುತ್ತದೆ. ಎರಡು ಗಡಿಯಾರ ಒಟ್ಟಿಗೆ ಓಡುತ್ತವೆ. ತಬರನಾಗಿದ್ದ ಚಾರುಹಾಸನ್ ಅವರಿಗೆ ಆ ವರ್ಷದ ರಾಷ್ಟ್ರೀಯ ಶ್ರೇಷ್ಠ ನಟ ಪ್ರಶಸ್ತಿ ಬಂತು.

ಈಗ ಬ್ಯಾಡಗಿಯ ಬಸಣ್ಣನಿಗೆ ಬರೋಣ. ಅವನ ಕಥೆ ಬರೆಯುವ ಮೊದಲು ಒಂದು ಹಾಳೆಯಲ್ಲಿ ಅವನ ಕೀರ್ದಿ, ಅಂದರೆ ಜಮಾಖರ್ಚಿನ ಲೆಕ್ಕ, ಬರೆಯಬೇಕು. ಕಥೆಗಾಗಿ ಹಿಡಿದ ಲೆಕ್ಕ ಇದು: ದಲಾಲಿಯಷ್ಟಕ್ಕೇ ನಿಲ್ಲದೆ ಬಸಣ್ಣ ತಾನೇ ಮಾಲು ಹಿಡಿಯುತ್ತಾನೆ. ಮಾರ್ಚಿನಲ್ಲಿ ಕ್ವಿಂಟಾಲಿಗೆ 30,000ದಂತೆ 100 ಕ್ವಿಂಟಾಲು, ಒಟ್ಟು 30 ಲಕ್ಷ. ಸ್ವಂತದ್ದು 10, ಬ್ಯಾಂಕಿನದು 20. ವರ್ಷಕ್ಕೆ ನೂರಕ್ಕೆ 12ರ ಬಡ್ಡಿಯೆಂದರೆ ತಿಂಗಳಿಗೆ 20,000. ಮಾಲು ಕೋಲ್ಡ್ ಸ್ಟೋರೇಜಿನಲ್ಲಿ. ದರ ಏರಲಿ ಅಂತ ಕಾಯುತ್ತಾನೆ, ಏರುವುದಿಲ್ಲ. ಜನವರಿಗೆ ಹೊಸ ಮೆಣಸಿನಕಾಯಿ ಪೇಟೆಗೆ ಇಳಿಯುತ್ತದೆ, ಹಳೆಯ ಚೀಲಗಳೂ ಸ್ಟೋರೇಜಿನಲ್ಲಿ ಉಳಿದಿರುತ್ತವೆ, ಎರಡೂ ಸೇರಿ ದರವನ್ನು ಕೆಳಗೆ ಜಗ್ಗುತ್ತವೆ. 18,000ಕ್ಕೆ ಮಾರಿದ ಅಂದರೆ ಕೈಗೆ 18 ಲಕ್ಷ. ಹತ್ತು ತಿಂಗಳ ಬಡ್ಡಿ 2 ಲಕ್ಷ ಸೇರಿ ಬ್ಯಾಂಕಿಗೆ 22 ಕಟ್ಟಬೇಕು. ಸ್ವಂತ 10 ಮುಳುಗಿತು, ಮೇಲೆ 4 ಲಕ್ಷ ಕೈಗಡ. ಸ್ಟೋರೇಜಿನ ಬಾಡಿಗೆ ಬೇರೆ.

ಈ 4 ಲಕ್ಷ ಬಹಳ ಮುಖ್ಯ. ಚಿತ್ರಕಥೆಯಲ್ಲಿ ‘ಕೋಟಿಗಟ್ಟಲೆ ನಷ್ಟ’ ಅಂತ ಬರೆದರೆ ನೋಡುವವನಿಗೆ ಅದು ಬರೀ ಸದ್ದು. 4 ಲಕ್ಷ ಅಂದರೆ ಹಾವೇರಿ, ಗದಗ, ರೋಣ ಎಲ್ಲ ಕಡೆ ಕೂತವನೂ ಮನಸ್ಸಿನಲ್ಲೇ ತೀರಿಸಲಿಕ್ಕೆ ಶುರು ಮಾಡುತ್ತಾನೆ: ಇಬ್ಬರು ಭಾವಂದಿರು ಸೇರಿದರೆ ಒಂದು, ಹೆಂಡತಿಯ ಚಿನ್ನದ ಬಳೆ ಪಾಟ್ಲಿ ಅಡ ಇಟ್ಟರೆ ಒಂದೂವರೆ… ಪ್ರೇಕ್ಷಕ ಹೀಗೆ ಲೆಕ್ಕ ಹಾಕುತ್ತ ಕೂತ ಅಂದರೆ ಚಿತ್ರ ಹಿಡಿದುಕೊಂಡಿತು ಅಂತ ಅರ್ಥ. ಎರಡು ತಾಸಿನ ಚಿತ್ರದಲ್ಲಿ ಈ ಏಟು ಇಪ್ಪತ್ತನೇ ನಿಮಿಷದೊಳಗೆ ಬೀಳಬೇಕು. ಅದನ್ನು ಇಂಟರ್ವಲ್ಲಿಗೆ ಅಂತ ಕಾಯ್ದಿಡುವ ಚಾಳಿ ನಮ್ಮಲ್ಲಿ ಇದೆ, ಮತ್ತು ಅದರ ಪರಿಣಾಮ ಯಾವಾಗಲೂ ಒಂದೇ: ಮೊದಲರ್ಧ ಹಾಡು, ಎರಡನೆಯ ಅರ್ಧ ಸೇಡು. ಸೋತವನು ಸೋತು ಬದುಕುವುದನ್ನು ತೋರಿಸಲಿಕ್ಕೆ ಜಾಗವೇ ಉಳಿಯುವುದಿಲ್ಲ.

ಏಟು ಬೀಳುವುದು ಖಚಿತ ಅಂತ ಕಂಡಾಗ ಅವನು ಮೊದಲು ಮಾಡುವುದು ಕುಡಿಯುವುದನ್ನಲ್ಲ, ಖರ್ಚನ್ನು. ಇದನ್ನು ಪೇಟೆ ಬಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ. ದರ ಇಳಿಯುತ್ತಿದೆ ಅಂತ ಒಳಗೆ ಗೊತ್ತಿದ್ದೇ ಬಸಣ್ಣ ಆ ಸಲದ ದೀಪಾವಳಿಯ ಲಕ್ಷ್ಮೀಪೂಜೆಯನ್ನು ಹಿಂದೆಂದೂ ಇಲ್ಲದಷ್ಟು ಜೋರಾಗಿ ಮಾಡುತ್ತಾನೆ. ಅಂಗಡಿಗೆ ಚೆಂಡುಹೂವಿನ ಮಾಲೆ, ಬಾಗಿಲಿಗೆ ಬಾಳೆಕಂಬ, ಗಾದಿಗೆ ಹೊಸ ಬಿಳಿ ಬಟ್ಟೆ, ಹಮಾಲರಿಗೆಲ್ಲ ಪೇಢೆಯ ಪೊಟ್ಟಣ. ಹೊಸ ಖಾತೆ ಪುಸ್ತಕ ಬಿಚ್ಚಿ ಮೊದಲ ಹಾಳೆಯಲ್ಲಿ ಕುಂಕುಮದಿಂದ ‘ಶ್ರೀ’ ಬರೆಯಬೇಕು. ಕ್ಯಾಮೆರಾ ಇಲ್ಲಿ ಅವನ ಮುಖಕ್ಕೆ ಹೋಗಬಾರದು. ಗುಮಾಸ್ತನ ಮುಖಕ್ಕೆ ಹೋಗಬೇಕು, ಏಕೆಂದರೆ ಹಳೆಯ ಪುಸ್ತಕದ ಕೊನೆಯ ಹಾಳೆ ಏನು ಹೇಳುತ್ತದೆ ಎಂಬುದು ಬಸಣ್ಣನನ್ನು ಬಿಟ್ಟರೆ ಅವನೊಬ್ಬನಿಗೇ ಗೊತ್ತು. ಅವನು ಪೇಢೆಯ ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಿಚ್ಚದೆ ಕೂಡುತ್ತಾನೆ. ಮಾತು ಬೇಡ.

ಇನ್ನೊಂದು ಗುರುತು ವಾಸನೆಯದು. ಮೆಣಸಿನಕಾಯಿ ಪೇಟೆಯಲ್ಲಿ ದುಡಿಯುವವನ ಅಂಗಿಗೆ ಘಾಟು ಅಂಟಿರುತ್ತದೆ, ತೋಳಿನ ಮಡಿಕೆಯಲ್ಲಿ ಕೆಂಪು ಧೂಳು. ಬ್ಯಾಡಗಿ ತಳಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಆದರೂ ರಾಶಿಯ ನಡುವೆ ನಿಂತರೆ ಹೊಸಬರಿಗೆ ಸೀನು ತಪ್ಪಿದ್ದಲ್ಲ. ಮೊದಲ ದೃಶ್ಯಗಳಲ್ಲಿ ಬಸಣ್ಣನ ಹೆಂಡತಿ ಅಂಗಿಯನ್ನು ಒಗೆಯುವ ಮೊದಲು ಅಂಗಳದಲ್ಲಿ ಝಾಡಿಸುತ್ತಾಳೆ, ಸೀನುತ್ತಾಳೆ. ನಾಲ್ಕು ತಿಂಗಳ ಮೇಲೆ ಅದೇ ಅಂಗಿ ಝಾಡಿಸುತ್ತಾಳೆ, ಸೀನು ಬರುವುದಿಲ್ಲ. ‘ಪೇಟಿಗೆ ಹೋಗಿದ್ದೆ’ ಅಂತ ಗಂಡ ಹೇಳಿದ್ದು ಸುಳ್ಳು ಅಂತ ಅವಳಿಗೆ ಗೊತ್ತಾಗುವುದು ಹಾಗೆ. ಅವಳು ಕೇಳಬೇಕಾದದ್ದೂ ಒಂದೇ ಮಾತು: ‘ಇಲ್ಲಿ ಕೇಳ್ರಿ, ಇವತ್ತ ಎಲ್ಲಿ ಕುಂತಿದ್ರಿ?’

ಅವಳ ಪಾತ್ರ ಬರೆಯುವಾಗ ಆಗುವ ತಪ್ಪೂ ಹಳೆಯದು. ಅಳುವುದು ಅಥವಾ ಗಂಡನಿಗೆ ಔಷಧವಾಗುವುದು, ಎರಡರಲ್ಲಿ ಒಂದು ಕೆಲಸ ಕೊಟ್ಟು ಬಿಡುತ್ತಾರೆ. ಸಿನಿಮಾದಲ್ಲಿ ಯಾವಾಗಲೂ ತಾಳಿಯೇ ಹೋಗುತ್ತದೆ, ನಿಜದಲ್ಲಿ ತಾಳಿಗೆ ಕೈ ಹಾಕುವ ಮೊದಲು ಪಾಟ್ಲಿ ಹೋಗುತ್ತದೆ, ಕೊರಳಿನ ಬೋರಮಾಳ ಸರ ಹೋಗುತ್ತದೆ. ಹೋದದ್ದನ್ನು ನೆಂಟರು ನೋಡದಿರಲಿ ಅಂತ ಅವಳು ಮದುವೆ ಕಾರ್ಯಗಳಿಗೆ ಕಾಜಿನ ಬಳೆ ತುಂಬ ಹಾಕಿಕೊಂಡು, ಸೆರಗು ಹೊದ್ದು ಹೋಗುತ್ತಾಳೆ. ಅವಳಿಗೂ ತನ್ನದೇ ಒಂದು ಲೆಕ್ಕ ಕೊಡಿ: ಮಹಿಳಾ ಸಂಘದ ವಾರದ ಕಂತು. ಗಂಡ ಬ್ಯಾಂಕಿನವರಿಂದ ಅಡಗಿಕೊಳ್ಳುತ್ತಿರುವ ವಾರವೂ ಅವಳು ಕಂತು ತಪ್ಪಿಸಿರುವುದಿಲ್ಲ. ಈ ಎರಡು ಸಾಲಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ಜಗಳದ ಸಂಭಾಷಣೆ ತಾನೇ ಬರೆಸಿಕೊಳ್ಳುತ್ತದೆ.

ಇನ್ನು ಗಡ್ಡ. ಇದು ಅಭಿನಯಕ್ಕಿಂತ ಹೆಚ್ಚಾಗಿ ಶೆಡ್ಯೂಲಿನ ವಿಷಯ. ಗಡ್ಡ ದಿನಕ್ಕೆ ಸುಮಾರು 0.3ರಿಂದ 0.4 ಮಿಲಿಮೀಟರು ಬೆಳೆಯುತ್ತದೆ. ಹತ್ತು ದಿನಕ್ಕೆ 3-4 ಮಿಲಿಮೀಟರು, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು. ಹೀಗಾಗಿ ಕಥೆಯ ಕ್ರಮದಲ್ಲಿ ಚಿತ್ರೀಕರಿಸಿದರೆ ನಡುವೆ ತಿಂಗಳುಗಟ್ಟಲೆ ಕಾಯಬೇಕು. ಬಜೆಟ್ಟು ಚಿಕ್ಕದಿದ್ದಾಗ ತಿರುಗಾಮುರುಗಾ ಮಾಡುವುದೇ ದಾರಿ: ನಟ 45 ದಿನ ಮೊದಲಿನಿಂದ ಗಡ್ಡ ಬಿಡಬೇಕು, ಅತಿ ಕೆಟ್ಟ ದಿನಗಳ ದೃಶ್ಯ ಮೊದಲು ತೆಗೆಯಬೇಕು, ಆಮೇಲೆ ಟ್ರಿಮ್ಮರಿನಲ್ಲಿ 6, ನಂತರ 3 ಮಿಲಿಮೀಟರಿಗೆ ಇಳಿಸುತ್ತ ಬಂದು, ಸಾವ್ಕಾರನ ನುಣ್ಣನೆ ಮುಖ ಕೊನೆಗೆ. ಇದರಲ್ಲೊಂದು ತೊಂದರೆ ಇದೆ. ನಟ ಏರಿದ್ದನ್ನು ಆಡಿಯೇ ಇರುವುದಿಲ್ಲ, ಮೊದಲ ದಿನವೇ ಬಿದ್ದದ್ದನ್ನು ಆಡಬೇಕು, ಆಗ ಎಲ್ಲಿಂದ ಬಿದ್ದೆ ಎಂಬುದು ಅವನ ಮೈಗೆ ಗೊತ್ತಿರುವುದಿಲ್ಲ. ಅದಕ್ಕೆ ಒಳ್ಳೆಯ ದಿನಗಳ ದೃಶ್ಯಗಳನ್ನು ಚಿತ್ರೀಕರಣಕ್ಕೆ ಮೊದಲೇ ಎರಡು ದಿನ ತಾಲೀಮು ಮಾಡಿಸಿ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ಅವನು ಗಾದಿಯ ಮೇಲೆ ಹೇಗೆ ಒರಗುತ್ತಿದ್ದ, ಪೆನ್ನನ್ನು ಎಲ್ಲಿ ಸಿಕ್ಕಿಸುತ್ತಿದ್ದ ಎಂಬುದೇ ಮುಂದೆ ಮುರಿಯಬೇಕಾದ ಅಭ್ಯಾಸ. ಅಂಟಿಸಿದ ಗಡ್ಡವನ್ನಂತೂ ಏಪ್ರಿಲ್ ಬಿಸಿಲಿನಲ್ಲಿ ನಂಬಬೇಡಿ. ಬೆವರಿಗೆ ಗಲ್ಲದ ಅಂಚಿನಿಂದ ಏಳಲಿಕ್ಕೆ ಶುರುವಾಗುತ್ತದೆ, ಕ್ಲೋಸಪ್ಪಿನಲ್ಲಿ ಅದೊಂದೇ ಕಾಣುತ್ತದೆ.

ಕುಡಿತ ಇರಲೇಬೇಕು ಅಂದರೆ ಇರಲಿ. ಗ್ಲಾಸಿನಲ್ಲಿ ಹಾಲಿಲ್ಲದ ಚಹಾವನ್ನು ತೆಳ್ಳಗೆ ಮಾಡಿ ತಣ್ಣಗಾಗಿಸಿ ಹಾಕುತ್ತಾರೆ. ತೆಳ್ಳಗೆ ಅನ್ನುವುದನ್ನು ಮರೆಯಬೇಡಿ: ಟೇಕಿಗೆ 60 ಮಿಲಿಲೀಟರಿನಂತೆ ಹತ್ತು ಟೇಕಾದರೆ 600 ಮಿಲಿಲೀಟರು, ಗಟ್ಟಿ ಡಿಕಾಕ್ಷನ್ನಾದರೆ ನಟನ ಕೈ ನಿಜವಾಗಿಯೇ ನಡುಗುತ್ತದೆ ಮತ್ತು ರಾತ್ರಿ ನಿದ್ದೆ ಬರುವುದಿಲ್ಲ. ಬೆಲ್ಲದ ನೀರು ಬಣ್ಣಕ್ಕೆ ಚೆಂದ, ಆದರೆ ನೊಣ ಮುತ್ತುತ್ತವೆ. ಕೋಲಾ ನೊರೆ ಬಿಟ್ಟು ಸಿಕ್ಕಿಹಾಕಿಸುತ್ತದೆ. ಪ್ರತಿ ಟೇಕಿನ ಮೊದಲು ಗ್ಲಾಸಿನ ಮಟ್ಟದ ಫೋಟೋ ಹೊಡೆದಿಟ್ಟುಕೊಳ್ಳದಿದ್ದರೆ ಎಡಿಟಿಂಗಿನಲ್ಲಿ ಪೆಗ್ಗು ತಾನೇ ಏರುತ್ತ ಇಳಿಯುತ್ತ ಆಡುತ್ತದೆ. ಅಭಿನಯದ ಮಾತು ಬಂದರೆ, ಕುಡಿದವನನ್ನು ಆಡಬಾರದು, ಕುಡಿದಿಲ್ಲ ಅಂತ ತೋರಿಸಲಿಕ್ಕೆ ಹೆಣಗುವವನನ್ನು ಆಡಬೇಕು. ಬಸಣ್ಣ ರಾತ್ರಿ ಮನೆಗೆ ಬಂದು ಚಪ್ಪಲಿಯನ್ನು ಜೋಡಿಸಿ ಇಡುತ್ತಾನೆ. ಎಂದೂ ಜೋಡಿಸಿ ಇಟ್ಟವನಲ್ಲ. ಬಾಗಿ, ಗೋಡೆ ಹಿಡಿದು, ಎಡದ್ದನ್ನು ಬಲದ್ದರ ಪಕ್ಕ ಸರಿ ಮಾಡುತ್ತಾನೆ, ಮತ್ತೊಮ್ಮೆ ಸರಿ ಮಾಡುತ್ತಾನೆ. ಒಳಗಿನಿಂದ ಹೆಂಡತಿ ಬರೀ ಆ ಸಪ್ಪಳ ಕೇಳುತ್ತಿರುತ್ತಾಳೆ.

ಸಿನಿಮಾಗಳು ಹೇಳುವ ಅತಿ ದೊಡ್ಡ ಸುಳ್ಳು ಇದರ ಮುಂದಿನ ದೃಶ್ಯದಲ್ಲಿ ಇರುತ್ತದೆ. ಮಗಳ ಕಣ್ಣೀರು ನೋಡಿ ಬಾಟಲಿ ಗೋಡೆಗೆ ಒಗೆಯುತ್ತಾನೆ, ಮರುದಿನ ಮುಂಜಾನೆ ಜಳಕ ಮಾಡಿ ವಿಭೂತಿ ಹಚ್ಚಿಕೊಂಡು ಕೆಲಸಕ್ಕೆ ಹೊರಡುತ್ತಾನೆ. ಬಹಳ ದಿನ ಪ್ರತಿದಿನವೂ ಜಾಸ್ತಿ ಕುಡಿದವನು ಒಮ್ಮೆಲೇ ಬಿಟ್ಟರೆ ಮೊದಲ ದಿನದೊಳಗೇ ಕೈ ನಡುಕ, ಬೆವರು, ನಿದ್ದೆಗೇಡು ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಭ್ರಮೆ ಹಿಡಿದು, ಇಲ್ಲದ್ದು ಕಂಡು, ಪ್ರಾಣಕ್ಕೇ ಕುತ್ತು ಬರುತ್ತದೆ. ಆದ್ದರಿಂದ ಇದು ಡಾಕ್ಟರ ಕಣ್ಣೆದುರು, ಔಷಧದ ಜೊತೆ ಆಗಬೇಕಾದ ಕೆಲಸ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಅದರ ಹೆಸರನ್ನು ‘ಧಾರವಾಡಕ್ಕ ಕಳಸಬೇಕು ನಿನ್ನ’ ಅಂತ ಚೇಷ್ಟೆಗೆ ಬಳಸುವ ಸಂಭಾಷಣೆ ನಮ್ಮ ನಾಟಕಗಳಿಗೆ ಸಾಕಾಗುವಷ್ಟು ಆಯಿತು. ಅದರ ಬದಲು ಹೊರರೋಗಿ ವಿಭಾಗದ ಸರತಿಯಲ್ಲಿ ಚೀಟಿ ಹಿಡಿದು ಅಣ್ಣನ ಪಕ್ಕ ಕೂತ ತಮ್ಮನನ್ನು ಎರಡು ನಿಮಿಷ ತೋರಿಸಿ. ತಮ್ಮ ಬುತ್ತಿ ಬಿಚ್ಚಿ ‘ರೊಟ್ಟಿ ತಿನ್ನ ಅಣ್ಣ, ನಮ್ಮ ನಂಬರ ಇನ್ನೂ ದೂರ ಐತಿ’ ಅಂದರೆ ಅಲ್ಲಿ ನಾಟಕ ತಾನಾಗಿಯೇ ಇದೆ.

ಸಾಯುವ ಯೋಚನೆಯ ದೃಶ್ಯ ಬರೆಯುವವರು ಒಂದನ್ನು ಪಾಲಿಸಲಿ: ಹೇಗೆ ಎಂಬುದನ್ನು ತೋರಿಸಬೇಡಿ, ವಸ್ತುವನ್ನು ಕ್ಲೋಸಪ್ಪಿನಲ್ಲಿ ಇಡಬೇಡಿ, ಆ ಪ್ರಯತ್ನದಿಂದ ಸಾಲ ಮನ್ನಾ ಆಯಿತು, ಭಾವ ಬಂದು ಕಾಲು ಹಿಡಿದ ಅನ್ನುವ ಫಲವನ್ನು ಕೊಡಬೇಡಿ. ಸರಕಾರದ ಟೆಲಿಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಮಾತಾಡುತ್ತದೆ, ಕೊನೆಯಲ್ಲಿ ಹಾಕಲಿಕ್ಕೆ ಒಂದು ಸಾಲು ಸಾಕು. ಬೀಡಿ ಸಿಗರೇಟು ತೋರಿಸಿದರೆ ಥಿಯೇಟರ್ ಚಿತ್ರಕ್ಕೆ ಶುರುವಿನಲ್ಲಿ ಮತ್ತು ನಡುವೆ ಕನಿಷ್ಠ 30 ಸೆಕೆಂಡಿನ ಆರೋಗ್ಯ ಸಂದೇಶ, ಆ ದೃಶ್ಯ ಇರುವಷ್ಟು ಹೊತ್ತೂ ಪರದೆಯ ಕೆಳಗೆ ಎಚ್ಚರಿಕೆಯ ಸಾಲು ಕಡ್ಡಾಯ. ಗಂಭೀರ ದೃಶ್ಯದಲ್ಲಿ ಆ ಸಾಲು ಕಣ್ಣನ್ನು ಕೆಳಗೆ ಎಳೆಯುತ್ತದೆ, ಹೀಗಾಗಿ ಬೀಡಿ ನಿಜವಾಗಿ ಬೇಕೇ ಅಂತ ಎರಡು ಸಲ ಕೇಳಿಕೊಳ್ಳಿ. ಎತ್ತು, ಪಾರಿವಾಳ ಬಳಸುವುದಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲು.

ಪೇಟೆಯಲ್ಲಿ ಚಿತ್ರೀಕರಣ ಮಾಡುವವರಿಗೆ: ಸವಾಲು, ಅಂದರೆ ಮಾಲಿನ ಹರಾಜು, ನಡೆಯುವ ದಿನ ಯಾರೂ ನಿಮ್ಮ ಮಾತು ಕೇಳುವುದಿಲ್ಲ, ಕೇಳಬೇಕಾದ್ದೂ ಇಲ್ಲ. ಜನಜಂಗುಳಿಯ ಶಾಟುಗಳನ್ನು ಅಂದು ದೂರದಿಂದ ಅನುಮತಿ ಪಡೆದು ಹಿಡಿಯಿರಿ, ಸಂಭಾಷಣೆಯದ್ದನ್ನು ಬಿಡುವಿನ ದಿನಕ್ಕೆ ಇಡಿ. ಲೆನ್ಸ್ ಬದಲಿಸುವುದು ಕಾರಿನೊಳಗೆ, ಗಾಜು ಏರಿಸಿ. ಕೆಂಪು ಧೂಳು ಸೆನ್ಸರಿನ ಮೇಲೆ ಕೂತರೆ ಆಕಾಶದ ಶಾಟಿನಲ್ಲೆಲ್ಲ ಚುಕ್ಕೆ. ಘಾಟಿನಿಂದ ಬಂದ ಕಣ್ಣೀರು ಪುಕ್ಕಟೆ ಸಿಕ್ಕಿತು ಅಂತ ಹಿಗ್ಗಬೇಡಿ, ಅದರ ಹಿಂದೆಯೇ ಕೆಮ್ಮು ಬರುತ್ತದೆ, ಮತ್ತು ಘಾಟಿನ ಕಣ್ಣು ದುಃಖದ ಕಣ್ಣಿನ ಹಾಗೆ ಕಾಣುವುದೂ ಇಲ್ಲ.

ಮಾತಿನ ವಿಷಯಕ್ಕೆ ಸ್ವಲ್ಪ ಹೊಟ್ಟೆಯುರಿ ಇದೆ. ಕನ್ನಡ ಸಿನಿಮಾದಲ್ಲಿ ಹುಬ್ಬಳ್ಳಿ ಭಾಷೆ ಬಹಳ ದಿನ ನಗಿಸುವವನ ಬಾಯಲ್ಲೇ ಇತ್ತು. ನಾಯಕ ನಮ್ಮ ಊರಿನವನೇ ಆದರೂ ಅಳುವ ಹೊತ್ತಿಗೆ ಬೆಂಗಳೂರು ಕನ್ನಡಕ್ಕೆ ಜಾರುತ್ತಾನೆ. ದುಃಖದಲ್ಲಿ ಮನುಷ್ಯ ಅವ್ವನ ಭಾಷೆಗೆ ಮರಳುತ್ತಾನೆ, ಇಲ್ಲಿ ಉಲ್ಟಾ. ಡಬ್ಬಿಂಗ್ ಇದಕ್ಕೆ ಇನ್ನಷ್ಟು ಉಪ್ಪು ಸುರಿಯುತ್ತದೆ. ಗಾಜಿನ ಕೋಣೆಯಲ್ಲಿ ನಿಂತ ನಟ ತುಟಿಗೆ ಮಾತು ಕೂಡಿಸುವುದರಲ್ಲಿ ಇರುತ್ತಾನೆ, ಮಾತಿಗೆ ಮೊದಲು ತೆಗೆದ ಉಸಿರು ಹೋಗಿಬಿಡುತ್ತದೆ. ಚಿತ್ರೀಕರಣದ ಹೊತ್ತಿಗೇ ಮಾತು ಹಿಡಿಯುವ ಸಿಂಕ್ ಸೌಂಡಿಗೆ ದುಡ್ಡಿಲ್ಲದಿದ್ದರೆ ಕನಿಷ್ಠ ಎರಡು ಕೆಲಸ ಮಾಡಿ: ಪ್ರತಿ ಜಾಗದಲ್ಲಿ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಆ ಜಾಗದ ಸದ್ದನ್ನಷ್ಟೇ ಹಿಡಿಯಿರಿ, ಮತ್ತು ಮುಖ್ಯ ದೃಶ್ಯ ಮುಗಿದ ಹತ್ತು ನಿಮಿಷದೊಳಗೆ, ನಟ ಇನ್ನೂ ಅದೇ ಮನಸ್ಸಿನಲ್ಲಿ ಇರುವಾಗ, ಕ್ಯಾಮೆರಾ ಇಲ್ಲದೆ ಮಾತುಗಳನ್ನು ಮತ್ತೆ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಸ್ಟುಡಿಯೋದಲ್ಲಿ ಎಷ್ಟು ಸಲ ಹೇಳಿಸಿದರೂ ಆ ದನಿ ಬರುವುದಿಲ್ಲ.

ಮುಕ್ತಾಯ ಎಲ್ಲರನ್ನೂ ಕಾಡುತ್ತದೆ. 1972ರ ‘ಬಂಗಾರದ ಮನುಷ್ಯ’ದ ರಾಜೀವ ಕೊನೆಗೆ ಊರು ಬಿಟ್ಟು ನಡೆದುಹೋದ ಮೇಲೆ, ನಡೆದುಹೋಗುವ ನಾಯಕರ ಸಾಲೇ ಬಂತು. ರಾಜೀವನಿಗೆ ಅದು ಒಪ್ಪುತ್ತಿತ್ತು, ಅವನು ಆ ಹೊತ್ತಿಗೆ ಎಲ್ಲವನ್ನೂ ಕಟ್ಟಿ ಕೊಟ್ಟಿದ್ದ. ಬಸಣ್ಣ ಕೈಗಡ ಇಟ್ಟುಕೊಂಡು ನಡೆದುಹೋದರೆ ಅದಕ್ಕೆ ನಮ್ಮಲ್ಲಿ ಬೇರೆ ಹೆಸರಿದೆ. ಲಾಟರಿ, ದಿಢೀರನೆ ಏರಿದ ದರ, ಕೊನೆಯ ಗಳಿಗೆಯಲ್ಲಿ ಬಂದ ಧಾರವಾಡದ ಶ್ರೀಮಂತ ಮಾಮಾ, ಇವೂ ಬೇಡ. 4 ಲಕ್ಷದಲ್ಲಿ ಚಿತ್ರ ಮುಗಿಯುವಷ್ಟರಲ್ಲಿ 60,000 ತೀರಿದ್ದರೆ ಸಾಕು.

ಅದನ್ನು ಹೀಗೆ ಇಡಬಹುದು. ಬಸಣ್ಣ ಈಗ ಬೇರೊಬ್ಬರ ಅಂಗಡಿಯಲ್ಲಿ ತೂಕ ಬರೆಯುವವನು. ಒಂದು ಕಾಲಕ್ಕೆ ಅವನ ಎದುರು ಕೈ ಕಟ್ಟಿ ನಿಲ್ಲುತ್ತಿದ್ದ ಹಮಾಲ ಚೀಲ ಇಳಿಸುತ್ತ ‘ಬರಿ ಬಸಣ್ಣ’ ಅನ್ನುತ್ತಾನೆ, ಅವನು ಬರೆಯುತ್ತಾನೆ. ಅಂಗಿಯ ತೋಳಿನ ಮಡಿಕೆಯಲ್ಲಿ ಕೆಂಪು ಧೂಳು ಮತ್ತೆ ಕೂತಿದೆ. ಎಲ್ಲೋ ದೂರದ ಹಳ್ಳಿಯಿಂದ ಮೊದಲ ಸಲ ಈ ಪೇಟೆಗೆ ಮಾಲು ತಂದ ಮುದುಕ ರೈತನೊಬ್ಬ, ಇವನ ಹಳೆಯ ಕಥೆ ಏನೂ ಗೊತ್ತಿಲ್ಲದವನು, ತೂಕದ ಕಾಟಾದ ಮುಂದೆ ಬಗ್ಗಿ ನೋಡಿ ಕೇಳುತ್ತಾನೆ: ‘ಯಜಮಾನ್ರ, ಎಷ್ಟ ಬಂತ್ರಿ?’

ಪೆನ್ನು ನಿಲ್ಲುತ್ತದೆ. ಇಲ್ಲಿ ಮುಖಕ್ಕೆ ಝೂಮ್ ಹೋಗಬೇಡಿ, ಕ್ಯಾಮೆರಾ ಚೀಟಿಯ ಮೇಲೆಯೇ ಇರಲಿ. ಮೂರು ಸೆಕೆಂಡು ಬಿಟ್ಟು ಬಸಣ್ಣ ತೂಕ ಹೇಳುತ್ತಾನೆ, ಕೆಜಿಯ ಜೊತೆ ಗ್ರಾಮನ್ನೂ ಸೇರಿಸಿ. ಪೆನ್ನು ಮತ್ತೆ ಓಡಲಿಕ್ಕೆ ಶುರುವಾಗುತ್ತದೆ, ಯಾರೋ ಸೀನುತ್ತಾರೆ. ಅಲ್ಲಿಗೇ ಕಟ್.